ಅಕ್ಕ ‘ಬರ್ತೀನಿ’ ಅನ್ನೂದಿಲ್ಲ

ರೋಣ ತಾಲೂಕಿನ್ಯಾಗ ಯಾರರ ತೀರಿಕೊಂಡ್ರ, ಆ ಸುದ್ದಿ ತೀರಿಕೊಂಡವರಿಗಿಂತ ಮೊದಲ ನಮ್ಮ ಅಕ್ಕಗ ಗೊತ್ತಾಗತೈತಿ! ಸುಳ್ಳಲ್ರಿ. ಅಬ್ಬಿಗೇರಿಯಿಂದ ಬಸ್ ಹಿಡದು ಗಜೇಂದ್ರಗಡದಾಗ ನನ್ನ ಅರಿವಿ ಅಂಗಡಿಗೆ ಬಂದ್ಲಂದ್ರ ತಿಳಕೋಬೇಕು, ಯಾರೋ ಹೋಗ್ಯಾರ. “ನಡಿ ತಮ್ಮಾ, ಮಾತಾಡಿಸಿ ಬರೂಣು.” ಅವರು ನಮಗ ಏನಾಗಬೇಕು? ಕೇಳಬಾರದು! ಒಮ್ಮೆ ಶಿರೋಳಕ್ಕ ಕರಕೊಂಡು ಹೋಗಿದ್ಲು. ಸತ್ತಾವ ಯಾರಂತೀರಿ? ಆಕೀ ಬಾಜೂ ಮನಿಯವರ ಎತ್ತು ಕೊಂಡಾವನ ಬೀಗ! ಅಲ್ಲೆ ಅಕ್ಕ ಬಾಯಿಗೆ ಸೆರಗು ಹಚ್ಚಿ ಎಷ್ಟು ಅತ್ತಳಂದ್ರ, ಮನಿಯವರು ತಮ್ಮ ಅಳು ಬಿಟ್ಟು ಆಕೀಗೆ ನೀರು ತಂದುಕೊಟ್ರು.

ಸಾವಿನ ಮನಿಯಿಂದ ಹೊರಡೂ ಮುಂದ ‘ಬರ್ತೀನಿ’ ಅನ್ನಬಾರದು, ಸುಮ್ಮನ ಎದ್ದು ಬರಬೇಕು. ಖರೇ. ಆದ್ರ ಆಕಿ ಎದ್ದದ್ದು ನನಗರ ಗೊತ್ತಾಗಬೇಕಲ್ಲ? ಎಷ್ಟೋ ಸಲ ಅಕ್ಕ ಬಸ್ ಸ್ಟ್ಯಾಂಡಿನ್ಯಾಗ, ನಾ ಗುರುತಿಲ್ಲದವರ ನಡುವ ಚಾಪಿ ಮ್ಯಾಲ! ನನಗಂತೂ ಸಾಕಾಗಿ ಹೋಗೇತಿ.

ಹೋದ ವರ್ಷ ನನ್ನ ಹೇಣ್ತಿ ತೀರಿಕೊಂಡ್ಳು. ಊರಿಗೂರ ಬಂತು. “ಹ್ಯಾಂಗಾತು?” ಅಂತ ಕೇಳಿದ್ರು. ನಾ ಅಂಗಡಿ ಮುಂದಿನ ಗೊಂಬಿಗತೆ ಕುಂತಿದ್ದೆ. ಅಳಲಿಲ್ಲ, ಹೇಳಲಿಲ್ಲ. ಆಮ್ಯಾಲೂ ಆಕೀ ಮಾತು ಎತ್ತಲಿಲ್ಲ. ದಣಿವು, ಎಷ್ಟು ಮಲಗಿದ್ರೂ ಹೋಗದಂಥಾ ದಣಿವು. ಅಕ್ಕ ಆಗಾಗ ಬಂದು ಕೂಡತಿದ್ಲು, ಸುಮ್ಮನ ಎದ್ದು ಹೋಗತಿದ್ಲು. ಒಂದಿನ ಸಿಟ್ಟು ಬಂತು. “ಯಕ್ಕಾ, ವರ್ಷ ಆಗಾಕ ಬಂತು. ನನ್ನ ಮನ್ಯಾಗರ ಬರ್ತೀನಿ ಅಂತ ಹೇಳಿ ಹೋಗಬೇ!”

“ನೀ ಇನ್ನೂ ಬಾಯಿ ಬಿಟ್ಟಿಲ್ಲ. ಸಾವು ನಿನ್ನ ಮನ್ಯಾಗ ಇನ್ನೂ ಕುಂತೈತಿ” ಅಂದ್ಲು. ಅವತ್ತೂ ಹೇಳದನ ಹೋದ್ಲು.

ನನ್ನ ಮಗಳು ಫ್ರಾನ್ಸಿನ್ಯಾಗ ಹಳೇ ಗಣಿಗಳ ಬಗ್ಗೆ ಓದತಾಳ. “ಅಪ್ಪಾ, ನಾಕ ದಿನ ಬಾ” ಅಂತ ಗಂಟು ಬಿದ್ಲು. ಅಕ್ಕನೂ ಬೆನ್ನು ಹತ್ತಿದ್ಲು. ಹೋಗ್ಲಿ, ಅಲ್ಲೆ ಆಕೀ ಗುರುತಿನವರು ಯಾರೂ ಸಾಯೂದಿಲ್ಲಲ್ಲ ಅಂತ ನಾ ಸಮಾಧಾನ ಮಾಡಿಕೊಂಡೆ. ಎಂಥಾ ಹುಚ್ಚಪ್ಪ ನಾನು!

ಮಗಳು ನಮ್ಮನ್ನ ಒಂದು ಸಣ್ಣ ಊರಿಗೆ ಕರಕೊಂಡು ಹೋದ್ಲು. ಹಿಂದಕ ಅಲ್ಲೆ ಕಲ್ಲಿದ್ದಲು ತಗೀತಿದ್ರಂತ. ಸುತ್ತ ಹೊಲ, ಕೆಂಪು ಇಟ್ಟಂಗಿಯ ಸಾಲು ಮನಿ, ಊರ ಹಿಂದ ಒಂದು ಕರೇ ಗುಡ್ಡ. ಗಣಿಯ ಕಲ್ಲು ಮಣ್ಣು ಸುರುವಿ ಸುರುವಿ ಆದ ಗುಡ್ಡ ಅದು. ಅಕ್ಕ ಮೂಗಿನ ಮ್ಯಾಲ ಬೆರಳಿಟ್ಟಳು. “ನಮ್ಮ ಗಜೇಂದ್ರಗಡದ ಗುಡ್ಡ ದೇವರು ಪುಕ್ಕಟೆ ಕೊಟ್ಟಾನ. ಪಾಪ, ಇವರು ಬೆನ್ನಾಗ ಹೊತ್ತು ಮಾಡ್ಕೊಂಡಾರಲ್ಲ!”

ಮ್ಯೂಸಿಯಂ ಮೆಟ್ಟಲ ನೋಡೇ ನಾ ದಣಿದು, ಕೂಡಾಕ ಜಾಗಾ ಹುಡುಕತಿದ್ದೆ. ಅಷ್ಟ್ರಾಗ ಅಕ್ಕಗ ಒಂದು ಗ್ವಾಡಿ ಕಂಡತು. ಗ್ವಾಡಿ ತುಂಬ ಹೆಸರು.

“ಇವು ಯಾರವು?”

“ಗಣಿ ಕುಸಿದು ಸತ್ತವರವು, ಅತ್ತಿ.”

ಮುಗೀತು! ಸೆರಗು ತಲಿ ಮ್ಯಾಲ ಬಂತು. “ಇವರ ಮನಿ ಎಲ್ಲೈತಿ?”

“ಅತ್ತೀ, ಅದು ಭಾಳ ವರ್ಷದ ಹಿಂದಿಂದು!”

“ಹಂಗಾರ ಮೊದಲ ತಡ ಆಗೇತಿ. ಲಗೂ ನಡಿ!”

ಮಗಳು ಕೇಳಿದ್ದಕ್ಕ ಟಿಕೆಟ್ ಕೊಡಾಕಿ ನಕ್ಕೋಂತ ಎದುರಿನ ಮನಿ ತೋರಿಸಿದ್ಲು. ಬಾಗಿಲಾ ತಗದಾಕಿ ಹಣ್ಣ ಹಣ್ಣ ಮುದುಕಿ. ಆಕೀ ಅಪ್ಪನ ಹೆಸರೂ ಆ ಗ್ವಾಡಿ ಮ್ಯಾಲ ಇತ್ತಂತ. ಮಗಳು ನಾಚಿಕೋಂತ ನಾವು ಬಂದ ಕಾರಣ ಹೇಳಿದ್ಲು. ಮುದುಕಿ ಅಕ್ಕನ ಮಾರಿ ನೋಡಿದ್ಲು, ಬಾಗಿಲಾ ಪೂರಾ ತಗದು ಒಳಗ ಕರದ್ಲು. ಅಕ್ಕ ಆಕೀ ಎರಡೂ ಕೈ ಹಿಡಕೊಂಡು, ಅಬ್ಬಿಗೇರಿಯೊಳಗ ಕೇಳಿದಂಗನ ಕೇಳಿದ್ಲು: “ಹ್ಯಾಂಗಾತವ್ವಾ?”

ಮುದುಕಿ ಹೇಳಕೋಂತ ಹೋದ್ಲು, ಮಗಳು ಕನ್ನಡದಾಗ ಹೇಳಿದ್ಲು. ಅಪ್ಪ ದಿನಾ ಬುತ್ತಿಯೊಳಗ ಒಂದು ತುಂಡು ಬ್ರೆಡ್ ಉಳಿಸಿ ತರತಿದ್ನಂತ. ಕಲ್ಲಿದ್ದಲ ಧೂಳು ಹತ್ತಿದ ಆ ಒಣಾ ತುಂಡಿಗೆ ಈಕಿ ಬಾಗಿಲದಾಗ ಕಾಯತಿದ್ಲಂತ. ಅವತ್ತೂ ಕಾಯಕೋಂತ ಕುಂತಿದ್ಲಂತ.

“ನಮ್ಮಾಕೀನೂ ಹಂಗ” ಅಂತ ಯಾರೋ ಅಂದ್ರು. ನೋಡಿದ್ರ ನಾನ! “ನಾ ಅಂಗಡಿಯಿಂದ ಅರ್ಧಾ ರೊಟ್ಟಿ ಉಳಿಸಿ ತರತಿದ್ದೆ. ಮನ್ಯಾಗ ಬಿಸಿರೊಟ್ಟಿ ಇದ್ರೂ ಆಕೀಗೆ ಅದ ಬೇಕು. ನೀವು ಉಳಿಸಿದ್ದ ಭಾಳ ರುಚಿ ಅಂತಿದ್ಲು. ಅವತ್ತೂ ತಂದಿದ್ದೆ. ಬರೂದ್ರಾಗ ಎದಿನೋವು ಅಂತ ದವಾಖಾನಿಗೆ ಒಯ್ದಿದ್ರು. ರೊಟ್ಟಿ ಡಬ್ಬ್ಯಾಗ ಉಳೀತು...”

ಮುಂದ ಆಗಲಿಲ್ಲ. ಅತ್ತೆ, ಸಣ್ಣ ಹುಡುಗೂರಗತೆ ಅತ್ತೆ. ಮಗಳು ಫ್ರೆಂಚಿನ್ಯಾಗ ಹೇಳೂದು ಮರತು ನನ್ನ ಮಗ್ಗಲದಾಗ ಬಂದು ಕುಂತಳು. ಮುದುಕಿಗೆ ಅದು ಬೇಕೂ ಆಗಲಿಲ್ಲ, ಕುರ್ಚಿ ಎಳಕೊಂಡು ನನ್ನ ಕೈ ಹಿಡದ್ಲು. ಅಕ್ಕ ಮಾತ್ರ ಈ ಸಲ ಅಳಲಿಲ್ಲ. ಒಳಗ ಹುಡುಕಿ, ನನಗ ನೀರು ತಂದುಕೊಟ್ಟಳು.

ಊರಿಗೆ ಬಂದ್ವಿ. ಅಕ್ಕ ನನ್ನ ಮನ್ಯಾಗ ಚಾ ಕುಡದು, ಅಬ್ಬಿಗೇರಿ ಬಸ್ಸಿನ ಹೊತ್ತಿಗೆ ಚೀಲ ಹಿಡಕೊಂಡು ಎದ್ದಳು. ನಾ ತಲಿ ಎತ್ತಲಿಲ್ಲ, ರೂಢಿ ಆಗಿ ಹೋಗಿತ್ತಲ್ಲ.

ಹೊಸ್ತಿಲದಾಗ ನಿಂತು, ತಿರುಗಿ ನೋಡಿ, “ತಮ್ಮಾ, ಬರ್ತೀನಪಾ” ಅಂದ್ಲು.