ಹಾಯಿದೋಣಿ ಹತ್ತುವ ಮೊದಲು

ಕೆಲವು ಮನೆಗಳಲ್ಲಿ ಏನು ಮಾಡಹೊರಟರೂ ಅದು ನೆಟ್ಟಗೆ ನಡೆಯುವುದಿಲ್ಲ, ನಗು ಬರುವ ಹಾಗೆ ನಡೆಯುತ್ತದೆ. ನಮ್ಮದು ಅಂಥ ಮನೆ. ಹೋದ ವರ್ಷ ನಾವು ಮೂವರು, ಅಂದರೆ ನಾನು, ನಮ್ಮೆಜಮಾನರು, ಮಗಳು, ಒಂದು ಹಾಯಿದೋಣಿಯಲ್ಲಿ ಕೊಚ್ಚಿಯಿಂದ ಗುಜರಾತಿನ ತನಕ ಹೋಗಿಬಂದೆವು. ಸಿಕ್ಕಿದವರೆಲ್ಲ ಸಮುದ್ರದ ಕಥೆ ಹೇಳಿ ಅನ್ನುತ್ತಾರೆ. ಸಮುದ್ರದಲ್ಲಿ ಹೇಳುವಂಥದ್ದೇನೂ ಆಗಲಿಲ್ಲ. ನೀರಿತ್ತು, ಗಾಳಿಯಿತ್ತು, ಹೋದೆವು, ಬಂದೆವು. ಆಗಿದ್ದೆಲ್ಲ ಹೊರಡುವ ಮೊದಲು, ನಂಜನಗೂಡಿನ ನಮ್ಮ ಮನೆಯಲ್ಲಿ ಮತ್ತು ತಿ. ನರಸೀಪುರದ ನಮ್ಮತ್ತೆಯ ಮನೆಯಲ್ಲಿ.

ಮೈಲೇಜ್ ಎಷ್ಟು?

ನಮ್ಮೆಜಮಾನರು ನೌಕಾಪಡೆಯಲ್ಲಿದ್ದು ನಿವೃತ್ತರಾದವರು. ಅಷ್ಟು ವರ್ಷ ಹಡಗಿನಲ್ಲಿದ್ದರೂ ಕೆಲಸ ಎಂಜಿನ್ ರೂಮಿನಲ್ಲಿ. "ನಾನು ಸಮುದ್ರ ನೋಡಿದ್ದು ರಜಕ್ಕೆ ಊರಿಗೆ ಬರುವಾಗ, ರೈಲಿನ ಕಿಟಕೀಲಿ" ಅನ್ನುತ್ತಾರೆ. ಆ ಕೊರಗು ಒಳಗೇ ಇತ್ತು. ಕೊಚ್ಚಿಯಲ್ಲಿರುವ ಅವರ ಹಳೆಯ ಸಹೋದ್ಯೋಗಿಯೊಬ್ಬರ ಹತ್ತಿರ ಹಾಯಿದೋಣಿ ಇದೆ. ಇವರು ಆಗಾಗ ಹೋಗಿ ಅದನ್ನು ನಡೆಸುವುದನ್ನು ಕಲಿತಿದ್ದರು. ಮಂಡಿನೋವಿನಿಂದ ತಾವು ದೋಣಿ ಹತ್ತಲಾರದೆ ಆ ಸ್ನೇಹಿತರೇ ಒಂದು ದಿನ, "ಮಳೆಗಾಲ ಮುಗಿದ ಮೇಲೆ ನೀನೇ ಸಂಸಾರ ಸಮೇತ ಒಂದು ದೊಡ್ಡ ಸುತ್ತು ಹೋಗಿ ಬಾ" ಅಂದರು. ನಾನು ಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ರಜೆ ಬರೆದುಕೊಟ್ಟೆ. ಮಗಳ ಡಿಗ್ರಿ ಆಗಷ್ಟೇ ಮುಗಿದಿತ್ತು.

ವಿಷಯ ಬೀದಿಗೆ ಗೊತ್ತಾಯಿತು. ದಿನಾ ಬಿಳಿಗೆರೆಗೆ ಬಸ್ಸಿನಲ್ಲಿ ಹೋಗಿಬರುವ ಎದುರುಮನೆಯವರು ಬಂದು ಕೂತರು.

"ಮೈಲೇಜ್ ಎಷ್ಟು ಕೊಡ್ತದೆ ಸಾ?"

"ಇದು ಗಾಳೀಲಿ ಹೋಗೋದು ಕಣ್ರೀ. ಎಂಜಿನ್ ಇದೆ, ಆದ್ರೆ ದಡಕ್ಕೆ ಬಂದಾಗ ಮಾತ್ರ."

"ಗಾಳಿ ಬರ್ಲಿಲ್ಲ ಅಂದ್ರೆ?"

"ಬರೋ ತನಕ ಕಾಯೋದು."

"ಎಷ್ಟೊತ್ತಿಗೆ ಹೋಗಿ ಸೇರ್ತೀರಾ ಅಂತ ಹೆಂಗೆ ಗೊತ್ತಾಗ್ತದೆ?"

"ಗೊತ್ತಾಗಲ್ಲ."

ಅವರು ತುಸು ಯೋಚಿಸಿ, ಸಮಾಧಾನದಿಂದ ಎದ್ದರು. "ಹಂಗಾದ್ರೆ ಅಭ್ಯಾಸ ಆಗ್ತದೆ ಬುಡಿ ಸಾ. ನಾನು ಓಡಾಡೋ ಬಸ್ಸೂ ಹಂಗೇ."

ನಾನು ಈಜು ಕಲಿತ ಬಗೆ

ನನಗೆ ನೀರೆಂದರೆ ಭಯ. ಚಿಕ್ಕಂದಿನಲ್ಲಿ ತಲಕಾಡಿನ ಹೊಳೆಯಲ್ಲಿ ಕಾಲು ಜಾರಿ, ಯಾರೋ ಜಡೆ ಹಿಡಿದು ಎಳೆದುಕೊಂಡಿದ್ದರು. ಆ ಭಯವನ್ನು ಮನೆಯಲ್ಲಿ ಹೇಳಿಕೊಳ್ಳಲಿಲ್ಲ. ಆದರೆ ಯಜಮಾನರಿಗೆ ತಿಳಿದಿತ್ತು ಅಂತ ಕಾಣುತ್ತದೆ. "ಲೈಫ್ ಜಾಕೆಟ್ ಹಾಕ್ಕೊಂಡು ಕಪಿಲೇಲಿ ಸೊಂಟದ ತನಕ ಸುಮ್ಮನೆ ನಿಂತ್ಕೋ. ನೀರಿನ ಪರಿಚಯ ಆಗ್ಲಿ" ಅಂದರು.

ಒಂದು ಬೆಳಿಗ್ಗೆ ಸ್ನಾನಘಟ್ಟಕ್ಕೆ ಹೋದೆವು. ಕಿತ್ತಳೆ ಬಣ್ಣದ ಜಾಕೆಟ್, ಅದಕ್ಕೆ ನೇತುಬಿದ್ದ ಒಂದು ಸೀಟಿ. ನಾನು ಮೆಟ್ಟಿಲ ಮೇಲೆ ಧೈರ್ಯ ತಂದುಕೊಳ್ಳುತ್ತಾ ನಿಂತಿದ್ದೆ. ದೇವರ ದರ್ಶನಕ್ಕೆ ಬಂದಿದ್ದ ಹೆಂಗಸೊಬ್ಬರು ನೆಟ್ಟಗೆ ನನ್ನ ಹತ್ತಿರ ಬಂದು, "ಮೇಡಮ್, ನಮ್ಮೆಜಮಾನ್ರು ಮುಳುಗು ಹಾಕ್ತಾವ್ರೆ, ವಸಿ ನೋಡ್ಕಳಿ" ಅಂದರು. ಅವರ ಹಿಂದೆ ಇನ್ನೊಬ್ಬರು ತಮ್ಮ ಮಕ್ಕಳನ್ನು ತೋರಿಸಿದರು. ಮೂರನೆಯವರು ಚಪ್ಪಲಿಯನ್ನೂ ನನ್ನ ಕಾಲ ಬಳಿ ಬಿಟ್ಟರು.

ಜನರ ನಂಬಿಕೆ ಕೆಡಿಸುವುದು ಹೇಗೆ? ಮೇಲಿನ ಮೆಟ್ಟಿಲಿನಲ್ಲೇ ನಿಂತು, ಯಾರಾದರೂ ಎದೆಮಟ್ಟಕ್ಕಿಂತ ಮುಂದೆ ಹೋದರೆ ಸೀಟಿ ಊದಿದೆ. ಹುಡುಗರು ಹೆದರಿ ಹಿಂದಕ್ಕೆ ಬಂದರು. ದಪ್ಪ ಮೀಸೆಯವರೊಬ್ಬರು "ಸಾರಿ ಮೇಡಮ್" ಅಂದರು. ದೂರದಲ್ಲಿ ಕೂತಿದ್ದ ನಮ್ಮೆಜಮಾನರು ಟವೆಲಿನಿಂದ ಮುಖ ಮುಚ್ಚಿಕೊಂಡಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ ನಾನು ವಿಚಾರಿಸಲಿಲ್ಲ.

ಈಜನ್ನು ಆಮೇಲೆ ಮೈಸೂರಿನ ಈಜುಕೊಳದಲ್ಲಿ ಕಲಿತೆ. ಅವತ್ತು ಮಾತ್ರ ನನ್ನ ಪಾದ ಕೂಡ ಒದ್ದೆಯಾಗಲಿಲ್ಲ. ಆದರೆ ನಾನು ಡ್ಯೂಟಿಯಲ್ಲಿದ್ದಷ್ಟು ಹೊತ್ತು ಯಾರೂ ಮುಳುಗಲಿಲ್ಲ.

ಶಾಮಿಯಾನದವರ ಮುನಿಸು

ದೋಣಿಯ ದೊಡ್ಡ ಹಾಯಿ ಎರಡು ಕಡೆ ಹರಿದಿತ್ತು. ಕೊಚ್ಚಿಯಲ್ಲಿ ಹೊಲಿಯುವವರು ಈಗಾಗುವುದಿಲ್ಲ ಅಂದರಂತೆ. ಯಜಮಾನರು ಅದನ್ನು ಮಡಿಚಿ, ಹೆಗಲ ಮೇಲೆ ಹೊತ್ತು, ತೇಪೆ ಹಾಕಲು ಬೇಕಾದ ಬಟ್ಟೆಯ ಸಮೇತ ರೈಲಿನಲ್ಲಿ ತಂದರು. ಮನೆಯೊಳಗೆ ಬಿಚ್ಚಲು ಜಾಗ ಸಾಲದೆ ಪಕ್ಕದ ಖಾಲಿ ಸೈಟಿನಲ್ಲಿ ಹರಡಿದೆವು.

ಮೊದಲು ಹಾಲಿಗೆ ಹೋಗುತ್ತಿದ್ದ ಹೆಂಗಸರು ನಿಂತರು. "ಮಗಳ ಮದುವೆನಾ? ಒಂದು ಮಾತೂ ಹೇಳ್ಲಿಲ್ವಲ್ಲ." ಮಗಳು ಕೈಮುಗಿದು ಅಲ್ಲ ಅಂದಳು. ಅವರು ನಂಬಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮುಟ್ಟಿ, ನಮ್ಮ ಬಡಾವಣೆಗೆಲ್ಲ ಚಪ್ಪರ ಹಾಕುವ ಶಾಮಿಯಾನದವರು ಸ್ಕೂಟರಿನಲ್ಲಿ ಬಂದರು. ಮುಖ ಊದಿತ್ತು.

"ನಿಮ್ಮ ಗೃಹಪ್ರವೇಶಕ್ಕೆ ನಾನೇ ಹಾಕಿದ್ದು. ಈಗ ಬೇರೆಯೋರಿಗೆ ಕೊಟ್ಬುಟ್ರಾ ಸಾ?"

ಅವರಿಗೆ ಎಲ್ಲವನ್ನೂ ವಿವರಿಸಿ, ಕಾಫಿ ಕೊಟ್ಟು ಸಮಾಧಾನ ಮಾಡುವಷ್ಟರಲ್ಲಿ ಯಜಮಾನರಿಗೊಂದು ವಿಚಾರ ಹೊಳೆಯಿತು. ಇವರ ಹತ್ತಿರ ದಪ್ಪ ಬಟ್ಟೆ ಹೊಲಿಯುವ ಮಿಷನ್ ಇದೆ. ಕೇಳಿದ ತಕ್ಷಣ ಅವರ ಮುನಿಸೆಲ್ಲ ಇಳಿಯಿತು. "ಸಮುದ್ರಕ್ಕೆ ನಾನು ಹೊಲ್ದಿದ್ದು ಹೋಗ್ತದೆ ಅಂದ್ರೆ ಸುಮ್ನೆ ಮಾತಾ" ಅಂತ ಹಾಯಿಯನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋದರು.

ವಾರ ಕಳೆದು ತಂದರು. ಹೊಲಿಗೆ ಬಹಳ ಗಟ್ಟಿಯಾಗಿತ್ತು. ಬಿಚ್ಚುತ್ತಾ ಹೋದ ಯಜಮಾನರು ಕೆಳಗಿನ ಅಂಚಿಗೆ ಬಂದಾಗ ಹಾಗೇ ನಿಂತುಬಿಟ್ಟರು. ಉದ್ದಕ್ಕೂ ಕೆಂಪು ಹಳದಿ ಝಾಲರು, ಮದುವೆ ಚಪ್ಪರಕ್ಕೆ ಇರುತ್ತದಲ್ಲ, ಹಾಗೆ.

"ಅಂಚು ಬೋಳ್ ಬೋಳಾಗಿ ಕಾಣ್ತಿತ್ತು ಸಾ" ಅಂದರು ಶಾಮಿಯಾನದವರು, ನಾಚಿಕೊಂಡು. "ಅದಕ್ಕೆ ಬೇರೆ ಚಾರ್ಜ್ ಇಲ್ಲ."

ಅತ್ತೆಯ ಒಪ್ಪಿಗೆ

ಇಷ್ಟೆಲ್ಲ ಆದರೂ ಒಂದು ದೊಡ್ಡ ಕೆಲಸ ಉಳಿದಿತ್ತು. ಕಾವೇರಿ, ಕಪಿಲೆ ಕೂಡುವ ನರಸೀಪುರದಲ್ಲಿರುವ ನಮ್ಮತ್ತೆ ಹೂಂ ಅನ್ನಬೇಕು. ಅವರು ಬೇಡ ಅಂದರೆ ಮಗ ಹೋಗುವವರಲ್ಲ. ನಾವು ಮೂವರೂ ಹೋಗಿ ಕೂತೆವು. ಅತ್ತೆ ಹಣೆಯ ವಿಭೂತಿ ಸರಿಮಾಡಿಕೊಂಡು ಕೇಳತೊಡಗಿದರು.

"ಅಡುಗೆ ಎಲ್ಲಿ ಮಾಡೀರಿ?"

"ದೋಣೀಲೇ ಒಲೆ ಇದೆ ಅವ್ವ."

"ನೀರು? ಸಮುದ್ರದ ನೀರಲ್ಲಿ ಮೀನಿರ್ತದೆ. ಆ ನೀರಲ್ಲಿ ಅನ್ನ ಬೇಯ್ಸೀರಾ?"

"ಅದು ಉಪ್ಪು ಅವ್ವ, ಬಾಯಿಗಿಡಕ್ಕಾಗಲ್ಲ. ಕುಡಿಯೋದಕ್ಕೂ ಅಡುಗೆಗೂ ಕ್ಯಾನಲ್ಲಿ ತಗೊಂಡು ಹೋಗ್ತೀವಿ."

"ಸುತ್ತ ಅಷ್ಟು ನೀರಿಟ್ಕಂಡು ಕ್ಯಾನಲ್ಲಿ ನೀರು ಒತ್ಕಂಡೋಗ್ಬೇಕಾ?"

"ಹೌದು."

ಅತ್ತೆ ಎಲೆಗೆ ಸುಣ್ಣ ಸವರಿ, ಮಡಿಚಿ ಬಾಯಿಗಿಟ್ಟುಕೊಂಡರು. ಯಾಕೋ ಅಷ್ಟರಲ್ಲಿ ನನಗೇ ಹೋಗಬೇಕೆಂಬ ಆಸೆ ಬಲಿತಿತ್ತು. ಕೊನೆಗೆ ಅತ್ತೆ ಅಂದರು: "ಓಗ್ಬನ್ನಿ. ನಾವೇನು ಕಮ್ಮಿನಾ? ಎರಡು ಒಳೆ ಮಧ್ಯ ಕುಂತ್ಕಂಡು ಕ್ಯಾನ್ ತರುಸ್ತಾ ಇಲ್ವಾ?"

ಗೋವಾದಿಂದ ಹಿಂದಕ್ಕೆ

ಬೀಳ್ಕೊಡುಗೆ ಜೋರಾಗಿತ್ತು. ಶಾಲೆಯಲ್ಲಿ ಶಾಲು, ಹಣ್ಣು. ಬೀದಿಯವರು ಆರತಿ ಎತ್ತಿದರು. ನರಸೀಪುರದಲ್ಲಂತೂ ಅತ್ತೆಯ ಅಕ್ಕಪಕ್ಕದವರೆಲ್ಲ ಬಸ್‌ಸ್ಟ್ಯಾಂಡಿಗೆ ಬಂದು ಹಾರ ಹಾಕಿದರು. ಕೊಚ್ಚಿ ತಲುಪಿದರೆ ಸಮುದ್ರದಲ್ಲಿ ಚಂಡಮಾರುತ ಏಳುತ್ತಿದೆ, ಸಣ್ಣ ದೋಣಿಗಳು ಹೊರಡುವಂತಿಲ್ಲ ಅಂದರು. ಕಾಯಬೇಕು. ಎಷ್ಟು ದಿನವೋ ಗೊತ್ತಿಲ್ಲ. ಸ್ನೇಹಿತರದು ಸಣ್ಣ ಮನೆ. ಅಲ್ಲಿ ಮೂವರು ಬೀಡುಬಿಡುವುದು ಸರಿಯಲ್ಲ.

"ನಂಜನಗೂಡಿಗೆ ಯಾವ ಮುಖ ಇಟ್ಕೊಂಡು ಹೋಗೋದು? ಹಾರವೇ ಇನ್ನೂ ಬಾಡಿಲ್ಲ" ಅಂದರು ಯಜಮಾನರು. ಕತ್ತಲಾದ ಮೇಲೆ ನರಸೀಪುರದಲ್ಲಿ ಇಳಿದು, ತಲೆ ತಗ್ಗಿಸಿ ಅತ್ತೆಯ ಬಾಗಿಲು ತಟ್ಟಿದೆವು. ಅತ್ತೆ ಮೂವರನ್ನೂ ನೋಡಿದರು. "ಮೊದ್ಲು ಒಳಕ್ಕೆ ಬನ್ನಿ" ಅಂದರು. ಊರಿಗೆಲ್ಲ ಹೇಳಿಕೊಂಡು ಬಂದವರು ಅವರು. ಅವರ ಮಾನ ನಮ್ಮ ಮಾನಕ್ಕಿಂತ ದೊಡ್ಡದು. ನಾವು ಹಿಂದಿನ ಕೋಣೆ ಬಿಟ್ಟು ಬರುವಂತಿರಲಿಲ್ಲ.

ಮಧ್ಯಾಹ್ನ ಪಕ್ಕದ ಮನೆಯಾಕೆ ಜಗಲಿಯಲ್ಲಿ ಬಂದು ಕೂತರು. "ಮಗ ಎಲ್ಲವ್ನಂತೆ ಅವ್ವ?"

"ಗೋವಾ ದಾಟುದ್ನಂತೆ" ಅಂದರು ಅತ್ತೆ.

ಒಳಗೆ ಮುದ್ದೆ ನುಂಗುತ್ತಿದ್ದ ಯಜಮಾನರು ಗಾಬರಿಯಾದರು. ಆಕೆ ಹೋದ ಮೇಲೆ, "ಅವ್ವ, ಹಾಯಿದೋಣಿ ಅಷ್ಟು ಬೇಗ ಗೋವಾ ಮುಟ್ಟಲ್ಲ" ಅಂದರು. ಅತ್ತೆ ಸತ್ಯವಂತರು. ಮರುದಿನವೇ ತಿದ್ದಿಕೊಂಡರು.

"ಮಂಗಳೂರತ್ರ ಅವ್ರಂತೆ."

"ನೆನ್ನೆ ಗೋವಾ ಅಂದ್ರಲ್ಲವ್ವ?"

"ಗಾಳಿ ಹಿಂದಕ್ಕೆ ತಳ್ಬುಡ್ತಂತೆ ಕನವ್ವ."

ಹೀಗೇ ದಿನ ಹೋಗುತ್ತಿತ್ತು. ಒಂದು ಬೆಳಿಗ್ಗೆ, ಜಗಲಿಯಲ್ಲಿ ಯಾರೂ ಇಲ್ಲವೆಂದುಕೊಂಡು ಯಜಮಾನರು ಲುಂಗಿ ಎತ್ತಿಕಟ್ಟಿ ಬಾಗಿಲಿಗೆ ಬಂದರು. ಎದುರಿಗೇ ಪಕ್ಕದ ಮನೆಯಾಕೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ನಾನೂ ಮಗಳೂ ಬಾಗಿಲ ಹಿಂದೆ ಸರಿದು ಸಂದಿಯಲ್ಲಿ ನೋಡಿದೆವು.

ಅತ್ತೆ ನಿಧಾನವಾಗಿ ಹೊರಗೆ ಬಂದರು. "ದೋಣೀಲಿ ಆಲು ಮುಗ್ದೋಯ್ತಂತೆ" ಅಂದರು. "ತಗಂಡೋಗಕ್ಕೆ ಬಂದವ್ನೆ."

ಪಕ್ಕದ ಮನೆಯಾಕೆ ತಮ್ಮ ಮನೆಗೆ ಹೋಗಿ, ಒಂದು ಚೊಂಬು ತುಂಬ ಹಾಲು ತಂದು ಯಜಮಾನರ ಕೈಗಿಟ್ಟರು.

"ಬಿರ್ರನೆ ಓಗಪ್ಪ. ಅಲ್ಲಿ ಎಡ್ತಿ ಮಗ್ಳು ಇಬ್ರೇ ಅವ್ರೆ."