ಕೈ ಬಿಟ್ಟರೆ ಓಡುವ ಲಿವರು

ನಮ್ಮ ಮನೆಯ ಶೆಡ್ಡಿನಲ್ಲಿ ನಾನೊಂದು ವಿಮಾನ ಕಟ್ಟಿದ್ದೇನೆ. ಹೌದು, ಹಾರುವಂಥದ್ದೇ! ಇಬ್ಬರು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರಬಹುದಾದ ಪುಟ್ಟ ವಿಮಾನ. ಇದನ್ನು ನಾನೊಬ್ಬನೇ ಕಟ್ಟಿದೆ ಎಂದು ಸಿಕ್ಕಸಿಕ್ಕವರ ಮುಂದೆ ಬಡಾಯಿ ಕೊಚ್ಚುತ್ತೇನೆ. ಹೆಂಡತಿ ಪಕ್ಕದಲ್ಲಿದ್ದರೆ ಮಾತ್ರ, ರೆಕ್ಕೆಯ ಬಟ್ಟೆ ಹೊಲಿದವಳು ಇವಳು ಎಂದು ಸೇರಿಸುತ್ತೇನೆ. ಅವಳು ಟೈಲರ್. ಎರಡೂ ರೆಕ್ಕೆಗೆ ಬಟ್ಟೆ ಹೊದಿಸಿ, ಒಂದೊಂದು ಪಟ್ಟಿಗೂ ಕೈಯಲ್ಲೇ ಹೊಲಿಗೆ ಹಾಕಿದವಳು. ಅಂಥವಳು ಇದುವರೆಗೆ ಒಂದು ಸಲವೂ ಅದರಲ್ಲಿ ಹಾರಿರಲಿಲ್ಲ.

ಕಾರಣ, ಥ್ರಾಟಲ್ ಲಿವರು. ಕಾರಿಗೆ ಆಕ್ಸಿಲರೇಟರ್ ಹೇಗೋ ವಿಮಾನಕ್ಕೆ ಇದು ಹಾಗೆ; ಕಾಲಿನ ಬದಲು ಕೈಯಲ್ಲಿ ಹಿಡಿಯುವುದು. ಮುಂದೆ ತಳ್ಳಿದರೆ ಎಂಜಿನ್ ಅಬ್ಬರಿಸುತ್ತದೆ, ಹಿಂದೆ ಎಳೆದರೆ ತಣ್ಣಗಾಗುತ್ತದೆ. ಬಿಟ್ಟಲ್ಲೇ ನಿಲ್ಲುವುದು ಅದರ ಧರ್ಮ. ನಮ್ಮದು ಧರ್ಮಭ್ರಷ್ಟ. ಕೈ ಬಿಟ್ಟರೆ ಸಾಕು, ಎಂಜಿನ್ನಿನ ಸ್ಪ್ರಿಂಗ್ ಎಳೆದಂತೆಲ್ಲ ಮೆಲ್ಲಗೆ ಮುಂದಕ್ಕೆ ಜಾರುತ್ತದೆ. ಜಾರದಂತೆ ತಡೆಯಬೇಕಾದ ವಾಷರು ಲಿವರಿನ ಬುಡದಲ್ಲಿ ಸುಮ್ಮನೆ ಕೂತಿರುತ್ತದೆ. ಒಂದು ಕೈಯಲ್ಲಿ ವಿಮಾನವನ್ನು ಏರಿಸಿ ಇಳಿಸಿ ತಿರುಗಿಸುವ ಕೋಲು, ಇನ್ನೊಂದರಲ್ಲಿ ಈ ಲಿವರು. ಆಕಾಶದಲ್ಲಿ ಮೂಗು ತುರಿಸಿದರೆ ನೆಲಕ್ಕಿಳಿಯುವ ತನಕ ಸಹಿಸಿಕೊಳ್ಳಬೇಕಿತ್ತು.

"ನೀವು ಕೈ ಬಿಟ್ಟ ತಕ್ಷಣ ಓಡಿಹೋಗೋ ವಸ್ತುವನ್ನ ನಂಬಿಕೊಂಡು ನಾನು ಮೇಲೆ ಬರಲ್ಲ," ಎಂದಳು ಹೆಂಡತಿ.

"ಭಾನುವಾರದೊಳಗೆ ಸರಿ ಮಾಡ್ತೀನಿ. ನಾನು ಎದೆ ಮೇಲೆ ಕೈ ಕಟ್ಟಿಕೊಂಡು ಕೂತಿರ್ತೀನಿ, ಅದು ಕೂದಲೆಳೆಯಷ್ಟೂ ಅಲ್ಲಾಡಬಾರದು. ನೋಡ್ತಿರು."

"ನೋಡ್ತೀನಿ. ನಲ್ಲಿ ರಿಪೇರಿ ಮಾಡಿದಾಗಲೂ ನೋಡಿದ್ದೆ."

ಈ ಮಾತು ನನಗೆ ಕೇಳಿಸಲಿಲ್ಲ. ವೀರರಿಗೆ ಇಂಥವು ಕೇಳಿಸುವುದಿಲ್ಲ.

ಮೊದಲು ನನ್ನ ಹಳೇ ಸೊಂಟದ ಬೆಲ್ಟನ್ನು ಕತ್ತರಿಸಿ ಚರ್ಮದ ವಾಷರ್ ಮಾಡಿ ಬಿಗಿದೆ. ಲಿವರು ಕಿರ್ರ್ ಎಂದಿತು. ಆಹಾ, ಬಿಗಿಯ ಸಂಗೀತ! ಸಂಜೆಯೆಲ್ಲ ವಿಮಾನದೊಳಗೆ ಕೂತು ಲಿವರನ್ನು ಹಿಂದೆ ಮುಂದೆ ಆಡಿಸಿ ಆನಂದಪಟ್ಟೆ. ಮರುದಿನ ನೋಡಿದರೆ ಸಡಿಲ. ಬೆಂಡಿನ ವಾಷರ್ ಹಾಕಿದೆ. ಅದೂ ಸಂಜೆ ಕಿರುಚಿತು, ಮರುದಿನ ಜಾರಿತು. ಹೆಂಡತಿಯ ಹೊಲಿಗೆ ಮೆಷಿನ್ನಿನಲ್ಲಿ ದಾರದುಂಡೆಯ ಕೆಳಗೆ ಒಂದು ಉಣ್ಣೆಯ ಬಿಲ್ಲೆ ಇರುತ್ತದೆ. ಅದನ್ನು ಹೇಳದೆ ಕೇಳದೆ ಎತ್ತಿಕೊಂಡು ಬಂದು ಹಾಕಿದೆ. ಅದಂತೂ ಮರುದಿನ ಬೆಣ್ಣೆಯಂತಾಗಿತ್ತು.

"ಸಂಜೆ ಬಿಗಿ, ಬೆಳಿಗ್ಗೆ ಸಡಿಲ. ಇದು ಯಾವ ಸೀಮೆ ವಿಜ್ಞಾನ ಹೇಳು," ಎಂದು ತಲೆ ಕೆರೆದುಕೊಂಡೆ.

"ನಿಮ್ಮ ತೀರ್ಮಾನಗಳೂ ಹಾಗೇ ಅಲ್ವಾ," ಎಂದಳು.

ಶನಿವಾರ ಬಂತು. ಆ ಬೆಳಿಗ್ಗೆ ಇನ್ನೂ ಎರಡು ಸುತ್ತು ನಟ್ಟು ತಿರುಗಿಸಿ, ವಿಮಾನವನ್ನು ಅಂಗಳಕ್ಕೆ ತಂದು, ಬಾಲವನ್ನು ಶೆಡ್ಡಿನ ಕಂಬಕ್ಕೆ ಕಟ್ಟಿ, ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಹೆಂಡತಿಯನ್ನು ಕರೆದು ಎದುರಿಗೆ ನಿಲ್ಲಿಸಿದೆ. ಎಂಜಿನ್ ಹಚ್ಚಿದೆ. ಲಿವರನ್ನು ಪೂರ್ತಿ ಹಿಂದಕ್ಕಿಟ್ಟೆ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, ಫೋಟೋ ತೆಗೆಸಿಕೊಳ್ಳುವವನಂತೆ ಗಲ್ಲ ಎತ್ತಿ ಕೂತೆ.

ಸ್ವಲ್ಪ ಹೊತ್ತಿಗೆ ಹೆಂಡತಿ ಕೈ ಬೀಸತೊಡಗಿದಳು. ಮೆಚ್ಚಿಗೆಯಿರಬೇಕೆಂದು ನಾನು ತಲೆಯಾಡಿಸಿದೆ. ಅವಳು ಎರಡೂ ಕೈ ಬೀಸಿದಳು. ನಾನು ಇನ್ನಷ್ಟು ಗಲ್ಲ ಎತ್ತಿದೆ. ಅಷ್ಟರಲ್ಲಿ ಲಿವರು ಯಾರಿಗೂ ಸೊಪ್ಪು ಹಾಕದೆ ತುದಿ ಮುಟ್ಟಿತ್ತು. ಎಂಜಿನ್ ಗರ್ಜಿಸಿತು, ಇಡೀ ವಿಮಾನ ಗಡಗಡ ನಡುಗಿತು. ಕಟ್ಟಿದ ಕೈ ಬಿಡಿಸಿಕೊಂಡು ಲಿವರು ಎಳೆದು ಎಂಜಿನ್ ನಿಲ್ಲಿಸಿ ತಿರುಗಿ ನೋಡುತ್ತೇನೆ, ವಿಮಾನದ ಹಿಂದೆ ಬಟ್ಟೆ ಒಣಹಾಕುವ ಹಗ್ಗ ಖಾಲಿ! ಮದುವೆ ಬ್ಯಾಂಡಿನವರಿಗೆಂದು ಹೆಂಡತಿ ಹೊಲಿದು, ಸೀಮೆಸುಣ್ಣದ ಗೆರೆ ಹೋಗಲೆಂದು ಒಗೆದು ಹರವಿದ್ದ ಕೆಂಪು ಅಂಗಿಗಳೆಲ್ಲ ಬೀದಿಯ ಮೇಲೆ ಹಾರುತ್ತಿದ್ದವು. ಸಂಜೆಗೆ ಒಪ್ಪಿಸಬೇಕಾದ ಅಂಗಿಗಳು.

ಮುಂದಿನದು ನನ್ನ ದಿಗ್ವಿಜಯ. ಏಣಿ ಹೊತ್ತುಕೊಂಡು ಮನೆಮನೆಯ ಮಾಡು ಹತ್ತಿ ಇಳಿದೆ. ಒಂದು ಅಂಗಿ ದಂತವೈದ್ಯರ ಬೋರ್ಡಿನ ಮೇಲೆ, ಅಲ್ಲಿ ಬರೆದ ದೊಡ್ಡ ಹಲ್ಲಿಗೆ ತೊಡಿಸಿದಂತೆ ನೇತಾಡುತ್ತಿತ್ತು.

"ಏನು, ವಿಮಾನ ಹಾರ್ತಾ?" ಎಂದರು ವೈದ್ಯರು.

"ಇಲ್ಲ ಸಾರ್, ಮೊದಲು ಅಂಗಿ ಹಾರಿಸಿ ನೋಡ್ತಿದ್ದೀವಿ," ಎಂದು ಹಲ್ಲು ಕಿರಿದು ಅಂಗಿ ಎಳೆದುಕೊಂಡೆ.

ಎಲ್ಲವೂ ಸಿಕ್ಕವು. ಮತ್ತೆ ಒಗೆದು ಹಿಂಡುವ ಶಿಕ್ಷೆ ನನಗಾಯಿತು. ಹೆಂಡತಿ ಇಸ್ತ್ರಿ ಮಾಡುತ್ತ ತನಗೆ ತಾನೇ ಹೇಳಿಕೊಂಡಳು, "ದಿನಾ ಎಣ್ಣೆ ಹಾಕಿದ್ರೂ ಹೀಗೆ ಮಾಡ್ತಲ್ಲ."

ನನ್ನ ಕೈಯಲ್ಲಿದ್ದ ಅಂಗಿ ಬಕೆಟ್ಟಿಗೆ ಬಿತ್ತು. "ಏನು ಹಾಕಿದೆ?"

"ಎಣ್ಣೆ ಕಣ್ರೀ. ಬೆಳಿಗ್ಗೆ ನನ್ನ ಮೆಷಿನ್‌ಗೆ ಬಿಡುವಾಗ ನಿಮ್ಮ ಲಿವರಿಗೂ ಎರಡು ತೊಟ್ಟು. ಸಂಜೆಯೆಲ್ಲ ಕಿರ್ರ್ ಕಿರ್ರ್ ಅಂತಿತ್ತಲ್ಲ. ಗೇಟು ಕಿರುಗುಟ್ಟಿದಾಗ, ಈ ಮನೇಲಿ ಕಿರುಚೋ ವಸ್ತು ಇದ್ರೆ ನನ್ನ ಮರ್ಯಾದೆ ಹೋಗುತ್ತೆ ಅಂದೋರು ಯಾರು?"

ನಾನೇ. ಆದರೂ ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಸಣ್ಣ ದನಿಯಲ್ಲಿ, "ಒಬ್ಬರೇ ಮೇಲೆ ಹೋಗ್ತೀರಿ. ಅಲ್ಲಿ ಅದು ಸಿಕ್ಕಿಹಾಕಿಕೊಂಡ್ರೆ ಏನು ಗತಿ ಅಂತ ಹಾಕಿದೆ," ಎಂದಳು. ಬೈಗುಳ ಕರಗಿಹೋಯಿತು. ಇಷ್ಟು ದಿನ ಯಾವ ಸೀಮೆ ವಿಜ್ಞಾನ ಎಂದು ನಾನು ಬೈದದ್ದು ಅವಳ ಅಕ್ಕರೆಯನ್ನು ಎಂದು ತಿಳಿದು ನಿಜಕ್ಕೂ ನಾಚಿಕೆಯಾಯಿತು.

"ಅದಿರಲಿ," ಎಂದಳು ಮತ್ತೆ ಇಸ್ತ್ರಿ ಎತ್ತಿಕೊಂಡು. "ನನ್ನ ಮೆಷಿನ್ನಿನ ಬಿಲ್ಲೆ ಅದರೊಳಗೆ ಹೇಗೆ ಹೋಯ್ತು?"

ನಾನು ಇನ್ನೊಂದು ಅಂಗಿ ಹಿಂಡತೊಡಗಿದೆ.

ಆ ಸಂಜೆಯೇ ಎಣ್ಣೆಯೆಲ್ಲ ಒರೆಸಿ, ಬೆಲ್ಟಿನಿಂದ ಹೊಸ ವಾಷರ್ ಕತ್ತರಿಸಿ ಬಿಗಿದು, ಎಂಜಿನ್ ಹಚ್ಚಿ ಅವಳ ಕಣ್ಣೆದುರೇ ಪರೀಕ್ಷಿಸಿದೆ. ಹಗ್ಗದ ಮೇಲೆ ಈ ಸಲ ಏನೂ ಇರಲಿಲ್ಲ. ಲಿವರು ಬಿಟ್ಟಲ್ಲೇ ನಿಂತಿತು. ಭಾನುವಾರ ಅವಳು ಬಂದು ನನ್ನ ಪಕ್ಕದಲ್ಲಿ ಕೂತಳು.

ಮೇಲೇರಿ ವಿಮಾನ ಸಮನಾದ ಮೇಲೆ ನಾನು ಲಿವರಿನಿಂದ ಕೈ ತೆಗೆದೆ. ಅದು ಅಲ್ಲಾಡಲಿಲ್ಲ. ಆರಾಮಾಗಿ ಮೂಗು ಕೆರೆದುಕೊಂಡೆ. ಹೊಗಳಿಕೆಗೆಂದು ತಿರುಗಿದರೆ ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಬಿಸಿಲಲ್ಲಿ ಹೊಳೆಯುತ್ತಿದ್ದ ರೆಕ್ಕೆ ನೋಡುತ್ತಿದ್ದಳು.

"ಹೊಲಿಗೆ ನೇರವಾಗಿ ಬಂದಿದೆ," ಎಂದಳು. ಆಮೇಲೆ ಬಗ್ಗಿ ನೋಡಿ, "ನಮ್ಮ ಶೆಡ್ಡು ಅಂಗಿ ಗುಂಡಿಯಷ್ಟಿದೆ," ಎಂದಳು.

ಇಳಿಯುವ ಹೊತ್ತಾಯಿತು. ಲಿವರು ಎಳೆಯಲು ಕೈ ಚಾಚಿದರೆ, ಅಲ್ಲಿ ಆಗಲೇ ಅವಳ ಕೈಯಿತ್ತು. ಎಳೆದೆ. ಜಗ್ಗಲಿಲ್ಲ.

"ಕೈ ತೆಗಿ ಕಣೇ, ಇಳೀಬೇಕು."

"ಇನ್ನೊಂದು ಸುತ್ತು."

"ಹೊತ್ತಾಯ್ತು."

"ಕೂದಲೆಳೆಯಷ್ಟೂ ಅಲ್ಲಾಡಬಾರದು ಅಂದೋರು ನೀವೇ ತಾನೆ? ಕೈ ಕಟ್ಟಿಕೊಂಡು ಕೂತಿರಿ."

ಒಂದು ಕೈ ಕೋಲು ಹಿಡಿಯಲು ಬೇಕಿತ್ತು. ಇನ್ನೊಂದನ್ನು ಎದೆಯ ಮೇಲಿಟ್ಟುಕೊಂಡು ಕೂತೆ.