ಆಸ್ಮಾನಿ ಫರಸಿ

ಶಹಾಬಾದದ ಫರಸಿಗೆ, ಅಂದರೆ ನೆಲಕ್ಕೆ ಹಾಸುವ ಕಲ್ಲಿಗೆ, ಇರುವುದು ಎರಡೇ ಬಣ್ಣ: ಒಣಗಿದ್ದು, ಹಸಿಯಾದದ್ದು. ಕಲ್ಲು ಮಾರುವವರು ಇದನ್ನು ಮರೆಯುವುದೇ ನನಗೆ ಸಿಟ್ಟು.

ಭಂಕೂರಿನ ಸೂರ್ಯಕಾಂತನೂ ಮರೆತ. ಮನೆಯ ಮುಂದೆಯೇ ಪಾಲಿಶ್ ಫರಸಿಯ ವ್ಯಾಪಾರ ಅವನದು. ಒಂದು ಬೆಳಿಗ್ಗೆ ಚಹಾದ ಬಸಿ ಕೆಳಗಿಟ್ಟು ಘೋಷಿಸಿದ: “ಇನ್ನ ನಮ್ಮ ಕಲ್ಲು ಫೋನಿನ್ಯಾಗ ಮಿಂಚಬೇಕು! ವೀಡಿಯೊಕ್ಕ ಲೈಟ್ ತರಸ್ತೀನಿ!”

ಹೆಂಡತಿ ಅನಸುಬಾಯಿ ರೊಟ್ಟಿ ತಿರುವುತ್ತ ಅಂದಳು: “ಹೆಸರಿನ್ಯಾಗೇ ಸೂರ್ಯನ್ನ ಇಟ್ಕೊಂಡೀರಿ, ಮತ್ತ ಲೈಟ್ ಯಾಕ್ರಿ?”

ಸೂರ್ಯಕಾಂತ ಇಂಥ ಮಾತಿಗೆ ಕಿವಿಗೊಡುವ ಆಸಾಮಿಯಲ್ಲ. ಮೂರು ದಿನ ಫೋನಿಗೆ ಕಣ್ಣು ಅಂಟಿಸಿ ಎರಡು ಎಲ್‌ಇಡಿ ಲೈಟು ಆರಿಸಿದ. ಎರಡೂ ಅಗ್ಗ, ಎರಡರದೂ ಒಂದೇ ಬೆಲೆ. ಮೊದಲನೆಯದು ಬರೀ ಬಿಳಿ ಬೆಳಕಿನದು. ಆದರೆ ವಸ್ತುವಿನ ಬಣ್ಣವನ್ನು ಇದ್ದ ಹಾಗೆ ತೋರಿಸುವ ನಿಯತ್ತಿಗೆ ನೂರಕ್ಕೆ ತೊಂಬತ್ತಾರು ಅಂಕ ಎಂದು ಬರೆದಿತ್ತು. ಎರಡನೆಯದಕ್ಕೆ ಒಂದು ಕೋಟಿ ಅರವತ್ತು ಲಕ್ಷ ಬಣ್ಣ! ನಿಯತ್ತಿನ ಅಂಕ ಮಾತ್ರ ಎಲ್ಲಿಯೂ ಇರಲಿಲ್ಲ.

“ಅಂಕ ತಗೊಂಡು ಏನ್ ಮಾಡಾದು? ನಾನೇನು ಪರೀಕ್ಷಾಕ್ಕ ಕುಂದ್ರಾಕತ್ತೀನೇನು?” ಎಂದವನೇ ಕೋಟ್ಯಧೀಶನನ್ನು ತರಿಸಿದ.

ಪಡಸಾಲೆಯಲ್ಲಿ ಕಿಟಕಿ ಮುಚ್ಚಿ, ಒಂದು ಫರಸಿ ನಿಲ್ಲಿಸಿ, ನೀಲಿ ಗುಂಡಿ ಒತ್ತಿದ. ಅಬ್ಬಾ! ಬೂದುಗಲ್ಲು ಆಕಾಶವಾಯಿತು. “ಆಸ್ಮಾನಿ ಫರಸಿ! ನಮ್ಮಲ್ಲಿ ಮಾತ್ರ!” ಎಂದು ವೀಡಿಯೊ ಹರಿಬಿಟ್ಟ.

“ಸುಳ್ಳ ಅಲ್ಲೇನ್ರಿ ಇದು?” ಅನಸುಬಾಯಿ ಕೇಳಿದಳು.

“ಸುಳ್ಳ ಅಲ್ಲ, ಲೈಟಿಂಗ್!”

ನಾಲ್ಕನೆಯ ದಿನ ವಾಡಿಯಿಂದ ಹಾಜಿಸಾಬ ಟೆಂಪೊ ಸಮೇತ ಬಂದಿಳಿದರು. ಸೂರ್ಯಕಾಂತನ ಅಪ್ಪನ ಕಾಲದ ಗಿರಾಕಿ. ಇವರು ಒಂದು ಮಾತು ಹೇಳಿದರೆ ವಾಡಿಯ ಅರ್ಧ ಊರು ಇವನ ಕಲ್ಲೇ ಹಾಸುತ್ತದೆ, ಇನ್ನೊಂದು ಮಾತು ಹೇಳಿದರೆ ಯಾರೂ ಹಾಸುವುದಿಲ್ಲ.

“ಬೇಟಾ, ಆಸ್ಮಾನಿ ತೋರಸು. ನಿಮ್ಮ ಚಾಚಿ ಸೈದಾನಬಿ ಅಡಿಗಿಮನಿಗಿ ಬೇಕಂತಾಳ. ಅದೇ ಬಣ್ಣದ ಪರದೆ ಸುದ್ದಾ ಹೊಲಿಸಿ ಕುಂತಾಳ!”

ಸೂರ್ಯಕಾಂತ ಓಡಿಹೋಗಿ ಕಿಟಕಿ ಮುಚ್ಚಿದ. ಆಮೇಲೆ ಅವರನ್ನು ಪಡಸಾಲೆಗೆ ಕರೆದೊಯ್ದು ಲೈಟು ಹಚ್ಚಿದ.

“ವ್ಹಾ! ಭಾಳ ಛಲೋ ಅದ. ಈಗ ನೀರ ಹಾಕು.”

ನೀರು! ಈ ಸೀಮೆಯಲ್ಲಿ ನೀರು ಹಾಕಿ ನೋಡದೆ ಫರಸಿ ಕೊಂಡವರುಂಟೇ? ಬಣ್ಣವಿರಲಿ, ಬಿರುಕಿರಲಿ, ಎಲ್ಲ ಹೊರಬೀಳುವುದು ನೀರು ಬಿದ್ದಾಗಲೇ.

“ನೀರ ಯಾಕ ಚಾಚಾ, ಮೊದಲ ಚಹಾ ಕುಡೀರಿ...”

“ಚಹಾ ನನಗ, ನೀರ ಕಲ್ಲಿಗಿ!”

ಅಷ್ಟರಲ್ಲಿ ಅನಸುಬಾಯಿ ತುಂಬಿದ ಕೊಡ ತಂದೇಬಿಟ್ಟಳು. “ಅತ್ತ ಸರೀರಿ,” ಎಂದವಳೇ ರಪ್ಪನೆ ಎರಚಿದಳು. ಅರ್ಧ ಕಲ್ಲಿಗೆ, ಅರ್ಧ ಲೈಟಿಗೆ. ಲೈಟು ಹಸಿರಾಯಿತು, ಕೆಂಪಾಯಿತು, ಹಳದಿಯಾಯಿತು. ಒಂದು ಕೋಟಿ ಅರವತ್ತು ಲಕ್ಷವನ್ನೂ ಒಂದೇ ಉಸಿರಿಗೆ ತೋರಿಸಿ ‘ಚಟ್’ ಎಂದು ಪ್ರಾಣ ಬಿಟ್ಟಿತು!

ಅನಸುಬಾಯಿ ಕಿಟಕಿ ತೆಗೆದಳು. ಬಿಸಿಲು ಒಳಗೆ ಬಂತು. ಎದುರಿಗೆ ನಮ್ಮದೇ ಬೂದುಗಲ್ಲು, ತೊಯ್ದು ಕಪ್ಪಗೆ, ಒಂದು ಬಿರುಕೂ ಇಲ್ಲದೆ ನಿಂತಿತ್ತು.

ಹಾಜಿಸಾಬ ಮನೆಗೆ ಫೋನು ಹಚ್ಚಿ ಸೂರ್ಯಕಾಂತನ ಕೈಗಿಟ್ಟರು. “ಪರದೆ ಹೊಲಿಸ್ದಾಕಿಗಿ ನೀನೇ ಹೇಳು.”

ಸೂರ್ಯಕಾಂತ ತಡವರಿಸುತ್ತ ಹೇಳಿದ: “ಚಾಚೀ, ತಪ್ಪಾತು. ಕಲ್ಲು ಆಸ್ಮಾನಿ ಇಲ್ಲ. ಬೂದಿ ಬಣ್ಣದ್ದದ. ಆದ್ರ ಗಟ್ಟಿ ಅದ.”

ಫೋನಿನಲ್ಲಿ ಸೈದಾನಬಿಯ ದನಿ ಪಡಸಾಲೆಗೆಲ್ಲ ಕೇಳಿಸಿತು: “ನೀರ ಹಾಕ್ದವರು ಯಾರು?”

“ನಮ್ಮನಿಯಾಕಿ.”

“ಹಂಗಾದ್ರ ಕಲ್ಲು ಕಳಸು. ಮುಂದಿನ ವೀಡಿಯೊದಾಗ ಆಕಿನೇ ಮಾತಾಡ್ಲಿ. ನೀನು ಕೊಡ ಹೊರು!”

ಮರುದಿನದ ವೀಡಿಯೊ ಅಂಗಳದ ಬಿಸಿಲಿನಲ್ಲೇ ಆಯಿತು. ಮಾತು ಅನಸುಬಾಯಿಯದು. ಕೊಡ ಸೂರ್ಯಕಾಂತನದು.

ಇನ್ನು ನಿಮ್ಮ ಸರದಿ. ಫೋನಿನಲ್ಲಿ ಬಣ್ಣ ಕಂಡು ಬಾಯಿ ಬಿಡುವವರೇ, ಮಾರುವವನಿಗೆ ಹೇಳಿ: “ಬಿಸಿಲಿಗೆ ತಾ, ನೀರ ಹಾಕು.” ಹಾಕದಿದ್ದರೆ ಕೊಳ್ಳಬೇಡಿ!